ಅದೇ ಮನೆ, ಅದೇ ವಾರ, ಅದೇ ಹೊತ್ತು

ನರ್ಸಿಂಗ್ ಓದುವ ಮಕ್ಕಳು ಊರಿನ ವಯಸ್ಸಾದವರ ಮನೆಗಳಿಗೆ ಸ್ವಯಂಸೇವೆಗೆ ಹೋಗುವುದರ ಬಗ್ಗೆ ಈ ಸಲ ಬಹಳ ಪತ್ರ ಬಂದಿವೆ. ಉತ್ತರಿಸಿದವರು ವಿಜಯಪುರದ ನಿವೃತ್ತ ಅಧ್ಯಾಪಕಿ. ಸಮುದಾಯ ಆರೋಗ್ಯ ಶುಶ್ರೂಷೆ ಕಲಿಸುತ್ತ, ಮಕ್ಕಳನ್ನು ಕಟ್ಟಿಕೊಂಡು ಓಣಿ ಓಣಿ ತಿರುಗಿದವರು.

ಪ್ರಶ್ನೆ: ನಾವು ಆರು ಮಂದಿ ಗೆಳತಿಯರು, ಬಿ.ಎಸ್ಸಿ. ನರ್ಸಿಂಗ್ ಮೂರನೇ ವರ್ಷ. ರವಿವಾರ ಜೋರಾಪುರ ಪೇಟೆ, ಶಹಾಪೇಟೆ ಕಡೆ ವಯಸ್ಸಾದವರ ಮನೆಗೆ ಹೋಗಿ ಬಿ.ಪಿ., ಶುಗರ್ ನೋಡಿ ಬರಬೇಕೆಂದಿದ್ದೇವೆ. ಒಂದು ರವಿವಾರಕ್ಕೆ ಎಷ್ಟು ಮನೆ ಆಗಬಹುದು?
— ವಿದ್ಯಾರ್ಥಿನಿ, ವಿಜಯಪುರ

ಉತ್ತರ: ತಂಗಿ, ಇಬ್ಬಿಬ್ಬರು ಕೂಡಿ ಒಂದೊಂದೇ ಮನೆ ಹಿಡಿಯಿರಿ. ಮೂರು ಜೋಡಿ, ಮೂರು ಮನೆ. ಮುಂದಿನ ರವಿವಾರವೂ ಅದೇ ಮನೆ, ಅದೇ ಹೊತ್ತು. ಹತ್ತು ಮನೆ ಸುತ್ತಿ ಬಂದರೆ ನಿಮ್ಮ ಕೈಯಲ್ಲಿ ಹತ್ತು ಅಂಕಿ ಉಳಿಯುತ್ತವೆ, ಅಷ್ಟೇ. ಒಂದೇ ಮನೆಗೆ ಬಿಡದೆ ಹೋದರೆ, ಹೋದ ತಿಂಗಳು ತಾನೇ ಎದ್ದು ಬಂದು ಬಾಗಿಲು ತೆಗೆಯುತ್ತಿದ್ದ ಅಜ್ಜಿ ಈ ತಿಂಗಳು ಕೂತಲ್ಲಿಂದಲೇ ‘ಒಳಗ ಬರ್ರಿ’ ಅನ್ನುತ್ತಿದ್ದಾಳೆ ಎಂಬುದು ತಿಳಿಯುತ್ತದೆ. ಮೊಣಕಾಲೋ, ಕಣ್ಣೋ, ಮನಸ್ಸೋ, ಏನೋ ಒಂದು ಕುಂದಿದೆ. ಹಿಂದೆ ಹೇಗಿದ್ದಳು ಅನ್ನುವುದು ಗೊತ್ತಿದ್ದವರಿಗೆ ಮಾತ್ರ ಇದು ಕಾಣುತ್ತದೆ.

ನೆಲಕ್ಕೆ ಕಾಗದ ಹಾಸಿ, ಕೈ ತೊಳೆದು ತಪಾಸಣೆಯ ಬ್ಯಾಗ್ ತೆಗೆಯುವ ಕ್ರಮ ನಿಮಗೆ ಕ್ಲಾಸಿನಲ್ಲಿ ಬಾಯಿಪಾಠವಾಗಿದೆ. ಮೊದಲ ಸಲ ಹೋದಾಗ ಆ ಬ್ಯಾಗ್ ತೆಗೆಯಲೇ ಬೇಡಿ. ಪಡಸಾಲೆಯಲ್ಲಿ ಕೂಡ್ರಿ. ಚಹಾ ಕೊಟ್ಟರೆ ಕುಡಿಯಿರಿ. ಮಾತಾಡುತ್ತ ನಿಮ್ಮ ಕಣ್ಣು ಮನೆಯ ಮೇಲಿರಲಿ: ಅಜ್ಜಿ ಮಲಗುವುದು ಎಲ್ಲಿ, ಅಲ್ಲಿಂದ ಬಚ್ಚಲಿಗೆ ಎಷ್ಟು ದೂರ, ನಡುವೆ ಎಷ್ಟು ಹೊಸ್ತಿಲು, ರಾತ್ರಿ ದೀಪ ಇದೆಯೋ ಇಲ್ಲವೋ. ನಮ್ಮ ಹಳೇ ಮನೆಗಳಲ್ಲಿ ಹೊಸ್ತಿಲು ಎತ್ತರ, ಪಾವಟಿಗೆ ಕಲ್ಲಿನವು, ಬಚ್ಚಲು ಹಿತ್ತಲಿನಲ್ಲಿ. ರಾತ್ರಿ ಮೂತ್ರಕ್ಕೆ ಎದ್ದು ಬಿದ್ದು ತೊಡೆಯ ಕೀಲು ಮುರಿದುಕೊಂಡವರನ್ನು ನಾನು ಕಂಡಷ್ಟು ಯಾರೂ ಕಾಣದಿರಲಿ. ಒಂದು ಸಣ್ಣ ದೀಪ ಹಾಕಿಸಿದರೆ, ಹಾದಿಗೆ ಅಡ್ಡ ಬಿದ್ದ ಗೋಣಿತಾಟು ತೆಗೆಸಿದರೆ, ಅದು ನೀವು ಮಾಡುವ ಹತ್ತು ತಪಾಸಣೆಗಿಂತ ದೊಡ್ಡ ಕೆಲಸ.

ಬಿ.ಪಿ.ಯನ್ನು ಎರಡನೇ ಸಲ ಹೋದಾಗ ನೋಡಿ. ಐದು ನಿಮಿಷ ಸುಮ್ಮನೆ ಕೂಡ್ರಿಸಿ. ಬೆನ್ನಿಗೆ ಆನಿಕೆ ಇರಲಿ, ಪಾದ ನೆಲದ ಮೇಲಿರಲಿ, ತೋಳು ಎದೆಯ ಮಟ್ಟಕ್ಕೆ ಬರಲಿ. ಕುಪ್ಪಸದ ತೋಳಿನ ಮೇಲೇ ಪಟ್ಟಿ ಸುತ್ತಬೇಡಿ. ಅರ್ಧ ತಾಸಿನೊಳಗೆ ಚಹಾ, ತಂಬಾಕು ಆಗಿದ್ದರೆ ಕಾಯಿರಿ. ಪಟ್ಟಿ ಕಟ್ಟಿದ ಮೇಲೆ ಮಾತಿಗೆ ಎಳೆಯಬೇಡಿ. ಆಮೇಲೆ, ಬಹಳ ಮಂದಿ ಬಿಟ್ಟುಬಿಡುವ ಕೆಲಸ ಒಂದಿದೆ. ಅವರನ್ನು ಎಬ್ಬಿಸಿ ನಿಲ್ಲಿಸಿ, ಒಬ್ಬಳು ಪಕ್ಕದಲ್ಲಿ ಹಿಡಿದಿರಲಿ, ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ‘ಎದ್ದ ಕೂಡಲೇ ತಲಿ ತಿರಗತೈತಿ’ ಅನ್ನುವ ಮಾತಿಗೆ ಕಾರಣ ಸಿಕ್ಕಿತು. ಅದನ್ನು ಚೀಟಿಯಲ್ಲಿ ಬರೆದು ಅವರ ಡಾಕ್ಟರಿಗೆ ಕಳಿಸಿ. ಹಾಸಿಗೆಯಿಂದ ಏಳುವಾಗ ಸ್ವಲ್ಪ ಹೊತ್ತು ಅಂಚಿನಲ್ಲಿ ಕೂತು ಏಳಲು ರೂಢಿ ಮಾಡಿಸಿ.

ಶುಗರ್ ಬಗ್ಗೆ ಇಷ್ಟೇ. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ರೋಜಾ ಬಂದಾಗ ವಿಶೇಷವಾಗಿ ವಿಚಾರಿಸಿ. ಊಟ ಬಿಟ್ಟು ಗುಳಿಗೆ ಮಾತ್ರ ತಪ್ಪದೆ ನುಂಗುವ ಹಿರಿಯರು ಎಲ್ಲ ಓಣಿಯಲ್ಲೂ ಇದ್ದಾರೆ. ಬೆವರಿ, ನಡುಗಿ, ಮಾತು ತೊದಲಿದರೆ ಶುಗರ್ ನೋಡಿ. 70ಕ್ಕಿಂತ ಕೆಳಗಿದ್ದು, ನುಂಗುವ ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ. ಎಚ್ಚರ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ; 108ಕ್ಕೆ ಫೋನ್ ಮಾಡಿ. ಉಪವಾಸ ಹಿಡಿಯುವ ಮೊದಲೇ ಡಾಕ್ಟರನ್ನು ಕೇಳಿ ಗುಳಿಗೆಯ ಹೊತ್ತು ಬದಲಿಸಿಕೊಳ್ಳಿ ಎಂದು ಹೇಳಿ. ಉಪವಾಸ ಬಿಡಿ ಅಂದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಪ್ರಶ್ನೆ: ನಾನು ನಿವೃತ್ತ ಕನ್ನಡ ಶಾಲೆ ಮಾಸ್ತರ, ವಯಸ್ಸು 76. ಪ್ರತಿ ವರ್ಷ ನರ್ಸಿಂಗ್ ಕಾಲೇಜಿನ ಮಕ್ಕಳು ಬರುತ್ತಾರೆ. ಮನೆಯಲ್ಲಿ ಎಷ್ಟು ಮಂದಿ, ನೀರು ಎಲ್ಲಿಂದ, ಏನು ರೋಗ ಎಂದು ಕೇಳಿ ಬರೆದುಕೊಂಡು ಹೋಗುತ್ತಾರೆ. ಮತ್ತೆ ಮುಖ ತೋರಿಸುವುದಿಲ್ಲ. ಮುಂದಿನ ವರ್ಷ ಬಾಗಿಲು ತೆಗೆಯದಿದ್ದರೆ ತಪ್ಪಾಗುತ್ತದೆಯೇ?
— ಜಮಖಂಡಿ

ಉತ್ತರ: ಗುರುಗಳೇ, ತಪ್ಪಾಗುವುದಿಲ್ಲ. ಬೇಡ ಅನ್ನುವ ಹಕ್ಕು ನಿಮ್ಮದು, ನಡುವೆ ನಿಲ್ಲಿಸುವ ಹಕ್ಕೂ ನಿಮ್ಮದು. ನಿಮ್ಮ ಮನೆಗೆ ಬಂದವರು ಪಠ್ಯಕ್ರಮದ ಭಾಗವಾಗಿ ಬಂದವರು. ಅವರಿಗೆ ಇಷ್ಟು ವಾರ ಎಂದು ಗೊತ್ತುಮಾಡಿರುತ್ತಾರೆ, ಅದು ಮುಗಿದ ಮೇಲೆ ಮತ್ತೊಂದು ವಾರ್ಡಿಗೆ ಹೋಗುತ್ತಾರೆ. ಮಕ್ಕಳ ಮನಸ್ಸು ಕೆಟ್ಟದ್ದಲ್ಲ. ಆದರೆ ನಿಮ್ಮ ನೋವು ಸರಿಯಾದದ್ದು, ಅದನ್ನು ಕಾಲೇಜುಗಳ ಕಿವಿಗೆ ಹಾಕಬೇಕೆಂದೇ ನಿಮ್ಮ ಪತ್ರವನ್ನು ಇಲ್ಲಿ ಎತ್ತಿಕೊಂಡೆ.

ಇನ್ನು ಮುಂದೆ ಬಂದವರನ್ನು ಬಾಗಿಲಲ್ಲೇ ಕೇಳಿ: ಯಾರು ಕಳಿಸಿದರು, ಮತ್ತೆ ಯಾವಾಗ ಬರುತ್ತೀರಿ, ಬರೆದುಕೊಂಡದ್ದನ್ನು ಯಾರು ನೋಡುತ್ತಾರೆ. ಮೂರಕ್ಕೂ ಸರಿಯಾದ ಉತ್ತರ ಬಂದರೆ ಒಳಗೆ ಕರೆಯಿರಿ. ಮನೆಯಲ್ಲಿ ಒಂದು ನೋಟ್‌ಬುಕ್ ಇಡಿ. ಬಿ.ಪಿ. ನೋಡಿದರೆ ತಾರೀಖು ಹಾಕಿ ನಿಮ್ಮ ಪುಸ್ತಕದಲ್ಲಿ ಮೊದಲು ಬರೆಯಲಿ, ಆಮೇಲೆ ಅವರ ಪುಸ್ತಕದಲ್ಲಿ. ನಿಮ್ಮ ದೇಹದ ಲೆಕ್ಕ ನಿಮ್ಮ ಮನೆಯಲ್ಲಿ ಉಳಿಯಬೇಕು.

ನಿಮ್ಮಲ್ಲಿ ಒಂದು ಬೇಡಿಕೆಯೂ ಇದೆ. ಈ ಮಕ್ಕಳಿಗೆ ಅಂಗರಚನೆ ಗೊತ್ತು. ಹಿರಿಯರ ಹತ್ತಿರ ಕೂತು ಮಾತಾಡಲು ಬರುವುದಿಲ್ಲ. ಎಷ್ಟೋ ಮಂದಿ ಅಜ್ಜ-ಅಜ್ಜಿ ಇಲ್ಲದ ಮನೆಯಲ್ಲಿ ಬೆಳೆದವರು. ‘ಹಂಗ ಕೇಳಬಾರದು, ಹಿಂಗ ಕೇಳು’ ಎಂದು ತಿದ್ದಿ. ಹಲ್ಲಿಲ್ಲದ ಬಾಯಿಗೆ ರೊಟ್ಟಿ ಹೇಗೆ ಉಣ್ಣುತ್ತೀರಿ, ಹಾಲಿನಲ್ಲಿ ನೆನೆಸಿಯೋ ಅಥವಾ ರೊಟ್ಟಿ ಬಿಟ್ಟು ನುಚ್ಚು-ಮಜ್ಜಿಗೆಗೆ ಇಳಿದಿರೋ, ಅದನ್ನು ತೋರಿಸಿ. ‘ಮೃದು ಆಹಾರ ಕೊಡಿ’ ಎಂದು ಪರೀಕ್ಷೆಯಲ್ಲಿ ಬರೆಯುವವರಿಗೆ ಅದು ನಿಮ್ಮ ತಾಟಿನಲ್ಲಿ ಕಾಣಲಿ. ಕಲಿಸಿದ ಕೈ ನಿಮ್ಮದು, ಇದು ನಿಮ್ಮಿಂದಲೇ ಆಗುವ ಕೆಲಸ.

ಪ್ರಶ್ನೆ: ನವನಗರದ ಒಬ್ಬ ಅಜ್ಜಾರ ಮನೆಗೆ ಹೋಗುತ್ತೇನೆ. ಕಿವಿ ಮಂದ. ಏನು ಕೇಳಿದರೂ ಹಳೇ ಬಾಗಲಕೋಟೆಯಲ್ಲಿ ಮುಳುಗಿದ ತಮ್ಮ ಮನೆಯ ಮಾತೇ. ಮನೆಯವರು ‘ಅರಳು ಮರಳು, ಬಿಡವಾ’ ಅನ್ನುತ್ತಾರೆ. ಮಾತು ಬೇರೆ ಕಡೆ ತಿರುಗಿಸಲೇ?
— ಜಿ.ಎನ್.ಎಂ. ವಿದ್ಯಾರ್ಥಿನಿ, ಬಾಗಲಕೋಟೆ

ಉತ್ತರ: ತಿರುಗಿಸಬೇಡ. ಆಲಮಟ್ಟಿ ಅಣೆಕಟ್ಟಿನಲ್ಲಿ ನೀರು 519.60 ಮೀಟರಿಗೆ ನಿಲ್ಲುತ್ತದೆ ಎಂದು ನೀನು ಓದಿರುತ್ತೀಯ. ಅಜ್ಜಾರಿಗೆ ಆ ನೀರು ಅಂದರೆ ಘಟಪ್ರಭೆಯ ಗುಂಟ ಹಿಂದೆ ಸರಿದು ಬಂದು ತಮ್ಮ ಓಣಿ, ಗುಡಿಯ ಕಟ್ಟೆ, ನೆರೆಮನೆ ಎಲ್ಲವನ್ನೂ ತೆಗೆದುಕೊಂಡ ನೀರು. ಒಂದು ಊರು ಬಿಟ್ಟು ಸೆಕ್ಟರ್ ನಂಬರಿನ ಊರಿಗೆ ಬಂದವರ ದುಃಖ ಅದು. ಅದನ್ನು ಹೇಳಿಕೊಳ್ಳಲು ಕಿವಿ ಬೇಕಲ್ಲ. ಕೇಳು. ನಡುನಡುವೆ ಪ್ರಶ್ನೆ ಹಾಕು: ಬಾಗಿಲು ಯಾವ ದಿಕ್ಕಿಗಿತ್ತು, ಪಕ್ಕದ ಮನೆ ಯಾರದು, ಪೇಟೆಗೆ ಯಾವ ಹಾದಿ ಹಿಡಿಯುತ್ತಿದ್ದಿರಿ.

ಕೇಳುತ್ತಲೇ ನಿನ್ನ ವಿದ್ಯೆಯನ್ನೂ ಬಳಸು. ಹಳೇ ಮನೆಯ ಮಾತು ಮತ್ತೆ ಮತ್ತೆ ಬಂದರೆ ಅದೊಂದೇ ರೋಗದ ಗುರುತಲ್ಲ. ಮುಂಜಾನೆ ಉಂಡದ್ದು ನೆನಪಿಲ್ಲದಿದ್ದರೆ, ಅರ್ಧ ತಾಸಿನಲ್ಲಿ ಅದೇ ಪ್ರಶ್ನೆ ನಾಲ್ಕು ಸಲ ಕೇಳಿದರೆ, ಒಂದೇ ನಮೂನೆ ಕಾಣುವ ಆ ರಸ್ತೆಗಳಲ್ಲಿ ಮನೆಗೆ ತಿರುಗಿ ಬರುವ ಹಾದಿ ತಪ್ಪಿದರೆ, ಮನೆಯವರನ್ನು ಒಪ್ಪಿಸಿ ಡಾಕ್ಟರಿಗೆ ತೋರಿಸು. ಅಂಗಿಯ ಕಿಸೆಯಲ್ಲಿ ಮನೆಯ ಫೋನ್ ನಂಬರಿನ ಚೀಟಿ ಇರಲಿ. ಇದೆಲ್ಲ ತಿಂಗಳುಗಟ್ಟಲೆ ನಿಧಾನವಾಗಿ ಬರುವಂಥದ್ದು. ಹೋದ ರವಿವಾರ ಚೆನ್ನಾಗಿದ್ದ ಅಜ್ಜ ಎರಡೇ ದಿನದಲ್ಲಿ ಮಂಕಾಗಿ, ಮಕ್ಕಳ ಗುರುತೂ ಹಿಡಿಯದಂತಾದರೆ ಅದು ಬೇರೆ ಮಾತು. ಮೂತ್ರದ ಸೋಂಕು, ಮೈಯಲ್ಲಿ ನೀರು ಕಡಿಮೆಯಾದದ್ದು, ಹೊಸ ಗುಳಿಗೆ, ಶುಗರ್ ಇಳಿದದ್ದು, ಯಾವುದೂ ಇರಬಹುದು. ಬಹಳ ಸಲ ಔಷಧಿಗೆ ಸರಿಹೋಗುತ್ತದೆ. ವಯಸ್ಸಿಗೆ ಇದು ಸಹಜ ಎಂದು ಮನೆಯಲ್ಲಿ ಮಲಗಿಸಿದರೆ ಜೀವ ಹೋಗಬಹುದು. ಅದೇ ದಿನ ದವಾಖಾನೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಇದನ್ನು ಇನ್ನೂ ಎಚ್ಚರದಿಂದ ನೋಡು. ವಯಸ್ಸಾದಂತೆ ನೀರಡಿಕೆಯೇ ಕಡಿಮೆಯಾಗುತ್ತದೆ. ಕೇಳಿದಾಗ ಕೊಡೋಣ ಎಂದು ಕಾದರೆ ಅವರು ಕೇಳುವುದೇ ಇಲ್ಲ.

ಕಿವಿಯ ಸಂಗತಿ: ಚೀರಬೇಡ. ಮುಪ್ಪಿನಲ್ಲಿ ಮೊದಲು ಹೋಗುವುದು ಸಣ್ಣ, ಏರುದನಿಯ ಸದ್ದು. ಹುಡುಗಿಯರು ಚೀರಿದಷ್ಟೂ ದನಿ ಏರಿ ಮಾತು ಒಡೆಯುತ್ತದೆ. ಟಿ.ವಿ. ಆರಿಸು, ಬೆಳಕು ನಿನ್ನ ಮುಖಕ್ಕೆ ಬೀಳುವಂತೆ ಎದುರು ಕೂತು, ದನಿ ತಗ್ಗಿಸಿ, ನಿಧಾನವಾಗಿ ಹೇಳು. ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿದೆಯೇ ಎಂದು ಡಾಕ್ಟರು ಒಮ್ಮೆ ನೋಡಲಿ. ಅಷ್ಟರಿಂದಲೇ ಕೇಳಿಸತೊಡಗಿದವರಿದ್ದಾರೆ.

ಪ್ರಶ್ನೆ: ನಮ್ಮತ್ತೆ ಆಯುಷ್ಯವೆಲ್ಲ ಖಣ ನೇಯ್ದವರು, ಈಗ ಮೊಣಕಾಲು ಎತ್ತಿಡಲು ಆಗುವುದಿಲ್ಲ. ಮನೆಗೆ ಬರುವ ನರ್ಸಿಂಗ್ ಹುಡುಗಿಯರು ಗುಳಿಗೆ ಡಬ್ಬಿ ಸುರುವಿ ‘ಇಷ್ಟೆಲ್ಲ ಯಾಕ ಕೊಡ್ತೀರಿ’ ಅಂದರು. ನಾನೇ ಏನೋ ಕೆಡುಕು ಮಾಡಿದಂತೆ ಅನ್ನಿಸಿತು. ಗುಳಿಗೆ ಬಿಡಿಸಲೇ?
— ಗುಳೇದಗುಡ್ಡ

ಉತ್ತರ: ಬಿಡಿಸಬೇಡಿ ತಾಯಿ. ಯಾವ ವಿದ್ಯಾರ್ಥಿಗೂ ಗುಳಿಗೆ ಬಿಡಿಸುವ, ಬದಲಿಸುವ ಅಧಿಕಾರ ಇಲ್ಲ. ಬಿ.ಪಿ. ಗುಳಿಗೆಗಳಲ್ಲಿ ಕೆಲವನ್ನು ಥಟ್ಟನೆ ನಿಲ್ಲಿಸಿದರೆ ಅಪಾಯವೂ ಇದೆ.

ಆದರೆ ಡಬ್ಬಿ ನೋಡಿದ್ದು ಒಳ್ಳೆಯದೇ ಆಯಿತು. ಕೇಳಿದ ರೀತಿ ಮಾತ್ರ ಸರಿಯಲ್ಲ. ಮುಂದಿನ ವಾರ ಆ ಹುಡುಗಿಯರನ್ನು ಕೂಡ್ರಿಸಿಕೊಂಡು ಎಲ್ಲ ಗುಳಿಗೆಯ ಸ್ಟ್ರಿಪ್‌ಗಳನ್ನೂ ಒಂದು ಕಾಗದದ ಮೇಲೆ ಹರಡಿ. ಮೇಲೆ ಬರೆದ ಕಂಪನಿಯ ಹೆಸರಲ್ಲ, ಕೆಳಗೆ ಸಣ್ಣಕ್ಷರದಲ್ಲಿರುವ ಔಷಧಿಯ ಹೆಸರು ಓದಲಿ. ಒಬ್ಬ ಡಾಕ್ಟರು ಬಿ.ಪಿ.ಗೆಂದು ಬರೆದ ಆಮ್ಲೋಡಿಪಿನ್, ಇನ್ನೊಬ್ಬರು ಬೇರೆ ಹೆಸರಿನಲ್ಲಿ ಬರೆದ ಅದೇ ಆಮ್ಲೋಡಿಪಿನ್, ಎರಡನ್ನೂ ನುಂಗುತ್ತಿರುವವರು ಇರುತ್ತಾರೆ. ಅದರಿಂದ ಪಾದ ಬಾತರೆ, ಆ ಬಾವು ಇಳಿಸಲೆಂದು ಮತ್ತೊಂದು ಗುಳಿಗೆ ಸೇರುತ್ತದೆ. ತಾರೀಖು ಮುಗಿದದ್ದು ಬೇರೆ ಇಡಿ. ಎಲ್ಲವನ್ನೂ ಬರೆದ ಚೀಟಿ ಮತ್ತು ಡಬ್ಬಿಯನ್ನು ಒಯ್ದು ನಿಮ್ಮ ಡಾಕ್ಟರ ಮುಂದೆ ಇಡಿ, ಅವರು ತೀರ್ಮಾನಿಸಲಿ.

ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ದುಡಿದವರ ಮೊಣಕಾಲ ನೋವು ಎಂಥದ್ದೆಂದು ನನಗೆ ಗೊತ್ತು. ಅದಕ್ಕೆ ಮೆಡಿಕಲ್ ಅಂಗಡಿಯಿಂದ ಚೀಟಿ ಇಲ್ಲದೆ ನೋವಿನ ಗುಳಿಗೆ ತರುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಿ. ದಿನಾ ತೆಗೆದುಕೊಳ್ಳುವ ಡೈಕ್ಲೋಫೆನಾಕ್‌ನಂಥ ಗುಳಿಗೆ ಮೂತ್ರಪಿಂಡಕ್ಕೆ ಪೆಟ್ಟು, ಹೊಟ್ಟೆಯಲ್ಲಿ ರಕ್ತಸ್ರಾವ ಆಗಬಹುದು, ಬಿ.ಪಿ. ಏರುತ್ತದೆ.

ಹುಡುಗಿಯರಿಗೆ ನಾನು ಹೇಳುವುದು: ಮನೆಗೆ ಹೋದರೆ ಮೊದಲು ಸೊಸೆಯನ್ನು ಮಾತಾಡಿಸಿ. ಹಿರಿಯರನ್ನು ವಾರದ ಏಳೂ ದಿನ ನೋಡಿಕೊಳ್ಳುವವಳು ಅವಳು, ನೀವು ಬರುವುದು ಒಂದು ತಾಸು. ಆ ಒಂದು ತಾಸು ಅತ್ತೆಯ ಹತ್ತಿರ ನೀವು ಕೂಡ್ರಿ, ಅವಳು ಸಂತೆಗೋ, ಗುಡಿಗೋ, ತನ್ನ ತೌರಿಗೋ ಹೋಗಿ ಬರಲಿ. ತಾಯಿ, ನೀವೇ ಇದನ್ನು ಅವರಲ್ಲಿ ಕೇಳಿ. ಸಂಕೋಚ ಬೇಡ.

ಪ್ರಶ್ನೆ: ನಾನು ಹುಡುಗ, ಬೆಳಗಾವಿಯ ಶಹಾಪುರದಲ್ಲಿ ಒಬ್ಬ ಆಜಿಯ ಮನೆಗೆ ಹೋಗುತ್ತೇನೆ. ಅವರು ಮರಾಠಿ ಮಾತಾಡುತ್ತಾರೆ, ಶುಗರ್ ಇದೆ, ಕಾಲು ತೋರಿಸಲು ನಾಚುತ್ತಾರೆ. ಹಲ್ಲಿಗೆ ಮಿಶ್ರಿ (ಹುರಿದ ತಂಬಾಕಿನ ಪುಡಿ) ಹಚ್ಚುವುದನ್ನೂ ಬಿಡುವುದಿಲ್ಲ.
— ಬಿ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿ

ಉತ್ತರ: ತಮ್ಮಾ, ‘ಆಜೀ, ಕಶ್ಯಾ ಆಹಾತ’ (ಅಜ್ಜೀ, ಹೇಗಿದ್ದೀರಿ) ಎಂದು ಮಾತು ಶುರುಮಾಡು. ತಪ್ಪು ಮರಾಠಿಯಾದರೂ ಚಿಂತೆ ಇಲ್ಲ, ಆಕೆಯೇ ತಿದ್ದಿ ಕಲಿಸುತ್ತಾಳೆ. ಸಹಪಾಠಿ ಹುಡುಗಿ ಒಬ್ಬಳನ್ನು ಜೊತೆಗೆ ಕರೆದುಕೊಂಡು ಹೋಗು. ಕಾಲು ಅವಳು ನೋಡಲಿ, ನೀನು ಬರೆದುಕೋ. ಶುಗರ್ ಹಳೆಯದಾದರೆ ಪಾದಕ್ಕೆ ಸ್ಪರ್ಶವೇ ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಗುಡಿಯ ಕಾದ ಕಲ್ಲಿನ ಮೇಲೆ ಬರಿಗಾಲಲ್ಲಿ ಸುತ್ತು ಹಾಕಿ, ಬೊಬ್ಬೆ ಎದ್ದದ್ದು ಮನೆಗೆ ಬಂದರೂ ಗೊತ್ತಾಗದವರಿದ್ದಾರೆ. ಅಂಗಾಲು, ಹಿಮ್ಮಡಿಯ ಬಿರುಕು, ಬೆರಳ ಸಂದು ನೋಡಬೇಕು. ಕಾಲುಂಗುರದ ಕೆಳಗೂ ನೋಡಬೇಕು: ಬೆರಳು ಬಾತಾಗ ಅದು ಒಳಗೆ ಕೊರೆದಿರುತ್ತದೆ, ಮೇಲೆ ಕಾಣುವುದಿಲ್ಲ.

ಮಿಶ್ರಿಗೆ ಬೈಯಬೇಡ. ಬಾಯಿ ತೆರೆಸಿ ಟಾರ್ಚ್ ಹಾಕಿ ನೋಡಲು ಒಪ್ಪಿಗೆ ಕೇಳು. ವಸಡು, ಕೆನ್ನೆಯ ಒಳಮೈಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ ಕಂಡರೆ, ಎರಡು-ಮೂರು ವಾರವಾದರೂ ಮಾಯದ ಹುಣ್ಣು ಇದ್ದರೆ ದಂತವೈದ್ಯರಿಗೆ ತೋರಿಸಲು ಹಟ ಹಿಡಿ. ಅಲ್ಲಿ ಮಾತ್ರ ಹಟ ಹಿಡಿ.

ಪ್ರಶ್ನೆ: ಮಗಳನ್ನು ನರ್ಸಿಂಗ್ ಓದಲು ಹಾಕಿದ್ದೇವೆ. ಯಾರ್ಯಾರದೋ ಮನೆಗೆ ಪುಕ್ಕಟೆ ಕೆಲಸಕ್ಕೆ ಕಳಿಸುತ್ತಾರಂತೆ. ಒಪ್ಪಬೇಕೇ?
— ಪಾಲಕ, ಇಂಡಿ ತಾಲ್ಲೂಕು

ಉತ್ತರ: ಇಬ್ಬರು ಕೂಡಿ ಹೋಗುತ್ತಾರೆಯೇ, ಹಗಲು ಹೊತ್ತೇ, ಯಾವ ಮನೆ ಎಂದು ಶಿಕ್ಷಕರಿಗೆ ಗೊತ್ತೇ, ಕರೆ ಮಾಡಿದರೆ ಎತ್ತುವವರು ಇದ್ದಾರೆಯೇ ಎಂದು ಕಾಲೇಜನ್ನು ಕೇಳಿ. ಇದ್ದರೆ ಕಳಿಸಿ. ಕಸ ಹೊಡೆಸುವುದು, ಅಡುಗೆ ಮಾಡಿಸುವುದು ನಡೆದರೆ ನಿಲ್ಲಿಸಿ. ಸ್ವಯಂಸೇವೆ ಅಂದಮೇಲೆ ಬೇಡ ಅಂದ ಮಗುವಿಗೆ ಅಂಕ ಕಡಿಮೆ ಮಾಡುವಂತಿಲ್ಲ.

ಇನ್ನೊಂದು ಮಾತು ಮಗಳಿಗೂ ತಿಳಿಸಿ. ಯಾವ ಮನೆಯಲ್ಲಾದರೂ ಹಿರಿಯರನ್ನು ಹೊಡೆಯುವುದು, ಉಪವಾಸ ಕೆಡವುವುದು ಕಂಡರೆ ಅವಳು ಜಗಳಕ್ಕೆ ಇಳಿಯಬಾರದು. ಶಿಕ್ಷಕರಿಗೆ ಹೇಳಲಿ. ಹಿರಿಯರ ಸಹಾಯವಾಣಿ 14567 ಇದೆ. ತಂದೆ-ತಾಯಿ ಮತ್ತು ಹಿರಿಯ ನಾಗರಿಕರ ಪಾಲನೆಗೆಂದು ಇರುವ 2007ರ ಕಾಯ್ದೆಯ ಪ್ರಕಾರ ಹಿರಿಯರು ಮಕ್ಕಳಿಂದ ಜೀವನಾಂಶ ಕೇಳಿ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಬಹುದು.

ಪ್ರಶ್ನೆ: ನಾನು ಪುಣೆಯಲ್ಲಿದ್ದೇನೆ, ತಾಯಿ ಬೆಳಗಾವಿಯ ಟಿಳಕವಾಡಿಯಲ್ಲಿ ಒಬ್ಬರೇ. ವಾರಕ್ಕೊಮ್ಮೆ ಬರುವ ನರ್ಸಿಂಗ್ ಹುಡುಗಿ ಬಹಳ ಒಳ್ಳೆಯವಳು. ತಿಂಗಳಿಗಿಷ್ಟು ಎಂದು ಕೊಟ್ಟು ರಾತ್ರಿ ಇರಲು ಕೇಳಲೇ? ಬ್ಯಾಂಕಿನ ಕೆಲಸವನ್ನೂ ಅವಳಿಗೇ ವಹಿಸಬೇಕೆಂದಿದ್ದೇನೆ.

ಉತ್ತರ: ಬೇಡಿ. ಅವಳು ಓದುವ ಹುಡುಗಿ. ಸಂಬಳ ಕೊಟ್ಟ ದಿನವೇ ಆ ಸಂಬಂಧ ಬದಲಾಗುತ್ತದೆ. ಎ.ಟಿ.ಎಂ. ಕಾರ್ಡು, ಪಿನ್, ಮನೆಯ ಕೀಲಿಕೈ ಅವಳ ಕೈಗೆ ಹೋಗಲೇಬಾರದು. ನಾಳೆ ನೂರು ರೂಪಾಯಿ ಹೆಚ್ಚುಕಡಿಮೆಯಾದರೆ ಮೊದಲು ಕೆಡುವುದು ಆ ಹುಡುಗಿಯ ಹೆಸರು. ರಾತ್ರಿಗೆ ಬೇರೆ ಮನುಷ್ಯರನ್ನು ಗೊತ್ತುಮಾಡಿ. ನಿಮ್ಮ ತಾಯಿ ಅವಳಿಗಾಗಿ ಕಾಯುವಷ್ಟು ಇಷ್ಟಪಡುತ್ತಾರೆಂದರೆ ಅವರಿಗೆ ಮಾತು ಬೇಕಾಗಿದೆ ಎಂದರ್ಥ. ನೀವೂ ಗೊತ್ತಾದ ಹೊತ್ತಿಗೆ ದಿನಾ ಫೋನ್ ಮಾಡಿ.

ಪ್ರಶ್ನೆ: ಒಬ್ಬ ಅಜ್ಜಿಯ ಮನೆಗೆ ಎರಡು ವರ್ಷದಿಂದ ಹೋಗುತ್ತಿದ್ದೇನೆ. ಕೊನೆಯ ಪರೀಕ್ಷೆ ಹತ್ತಿರ ಬಂತು, ಆಮೇಲೆ ಬೆಂಗಳೂರಿಗೆ ಹೋಗುತ್ತೇನೆ. ಹೇಳಿದರೆ ಅಳುತ್ತಾರೆ. ಸುಮ್ಮನೆ ಹೋಗುವುದು ಬಿಟ್ಟರೆ ಸಾಲದೇ?
— ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಸಾಲದು ಮಗಳೇ. ಈ ಪುಟದ ಎಲ್ಲ ಪ್ರಶ್ನೆಗಳಲ್ಲಿ ನನಗೆ ಬಹಳ ಮುಖ್ಯ ಅನ್ನಿಸಿದ್ದು ನಿನ್ನದು. ನೀನು ಸುಮ್ಮನೆ ನಿಂತರೆ ಅಜ್ಜಿ ಆ ರವಿವಾರ ಕಾಯುತ್ತಾಳೆ, ಮುಂದಿನ ರವಿವಾರವೂ ಕಾಯುತ್ತಾಳೆ. ಹುಡುಗಿಗೆ ಏನಾಯಿತೋ ಎಂದು ಒಂದು ಚಿಂತೆ, ನಾನೇನಾದರೂ ಅಂದೆನೋ ಎಂದು ಇನ್ನೊಂದು. ನೀನು ಕಟ್ಟಿದ ನಂಬಿಕೆಯನ್ನು ನೀನೇ ಮುರಿದಂತೆ. ಅಳಲಿ. ನಿನ್ನ ಮುಂದೆ ಅಳಲಿ.

ಇವತ್ತೇ ಹೇಳು, ಯಾವ ತಿಂಗಳು ಹೋಗುತ್ತೀ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸು. ನಿನ್ನ ಜಾಗಕ್ಕೆ ಬರುವ ಇಬ್ಬರನ್ನು ಮೊದಲೇ ಕರೆದುಕೊಂಡು ಹೋಗು, ಕೆಲವು ವಾರ ಮೂವರೂ ಕೂಡಿ ಹೋಗಿ. ಅಜ್ಜಿಯ ರೋಗದ ಚರಿತ್ರೆ ನೀನು ಹೇಳಬೇಡ, ಅಜ್ಜಿಯೇ ಹೊಸ ಹುಡುಗಿಯರಿಗೆ ಹೇಳಲಿ: ಯಾವ ಗುಳಿಗೆ ಯಾವಾಗ, ಯಾವ ಮೊಣಕಾಲು, ಯಾವ ಕಿವಿ. ಎರಡು ವರ್ಷದ ನೋಟ್‌ಬುಕ್ ಆ ಮನೆಯಲ್ಲೇ ಇರಲಿ. ಅಜ್ಜಿಯ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಾ ಬರುತ್ತಿದೆಯೋ, ನಡುವೆ ನಿಂತಿದೆಯೋ ನೋಡಿ, ಅದನ್ನೂ ಬರೆದಿಡು. ‘ವಾರಾ ಫೋನ್ ಮಾಡ್ತೀನಿ’ ಎಂದು ಹೊರಡುವ ಭರದಲ್ಲಿ ಮಾತು ಕೊಡಬೇಡ. ಹೊಸ ನೌಕರಿಯ ರಾತ್ರಿ ಪಾಳಿಯಲ್ಲಿ ಅದು ಆಗುವುದಿಲ್ಲ. ಯುಗಾದಿಗೆ ಒಮ್ಮೆ, ದೀಪಾವಳಿಗೆ ಒಮ್ಮೆ ಅನ್ನು, ಅದನ್ನು ತಪ್ಪಿಸಬೇಡ.

ಫೋಟೋ ತೆಗೆದು ಸ್ಟೇಟಸ್‌ಗೆ ಹಾಕುವುದಾದರೆ ಅಜ್ಜಿಯನ್ನು ಕೇಳಿ ಹಾಕು. ಒಂದು ಪ್ರತಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಅವಳಿಗೂ ಕೊಡು. ಎರಡನೇ ವರ್ಷದ ಇಬ್ಬರು ಹುಡುಗಿಯರನ್ನು ಈ ರವಿವಾರವೇ ಜೊತೆಗೆ ಕರೆದುಕೊಂಡು ಹೋಗು. ಪರೀಕ್ಷೆ ಮುಗಿಯಲಿ ಎಂದು ಕಾಯಬೇಡ.